ತೋಟಕ್ಕೆ ನೀರು ಬಿಟ್ಟ ಮೇಲೆ ಆಟ

ನಮ್ಮೂರು ಸೋಗಾನೆ. ಬೆಂಗಳೂರಿನ ಆಫೀಸಿನಲ್ಲಿ ಯಾರಾದ್ರೂ ಊರು ಕೇಳಿದಾಗ ಪಕ್ಕದಲ್ಲಿ ಶಿವಮೊಗ್ಗದವರಿದ್ರೆ ಮುಗೀತು, "ಓ, ಸೋಗಾನೆನಾ? ಯಾವಾಗ ಬಿಡುಗಡೆ ಆಯ್ತು?" ಅಂತಿದ್ರು. ನಮ್ಮೂರಲ್ಲಿ ಸೆಂಟ್ರಲ್ ಜೈಲಿದೆ, ಅದಕ್ಕೆ. 2023ರ ಫೆಬ್ರವರಿ 27ರಂದು ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆದ ಮೇಲೆ ಸ್ವಲ್ಪ ಮರ್ಯಾದೆ ಬಂತು. ಈಗ "ಏರ್‌ಪೋರ್ಟ್ ಹತ್ರನಾ? ಸೈಟ್ ರೇಟ್ ಎಷ್ಟಿದೆ?" ಅಂತಾರೆ.

ಇವತ್ತು ಹೇಳ್ತಿರೋದು ಕೈಯಲ್ಲಿ ಹಿಡಿದು ಆಡೋ ಗೇಮಿಂಗ್ ಕನ್ಸೋಲ್ ವಿಷಯ. ಆದರೆ ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಅದನ್ನ ಬಿಟ್ಟು ಬರೆದ್ರೆ ಇದು ಬರೀ ಜಾಹೀರಾತು ಆಗುತ್ತೆ.

ನಾನು ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡ್ತಿದ್ದೆ. ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸು, ಪಿ.ಜಿ. ವಾಸ, ಉಳಿದ ದಿನ ಊರಿಂದಲೇ ಕೆಲಸ. ಪಿ.ಜಿ.ಯಲ್ಲಿ ಊಟ ಮುಗಿಸಿ ಮಲಗಿದ್ರೆ ರಾತ್ರಿ ಹತ್ತಕ್ಕೆ ಸರಿಯಾಗಿ ನೋಟಿಫಿಕೇಶನ್ ಬರೋದು. ಮೊದಲು ಐವತ್ತು ರೂಪಾಯಿ. ಗೆದ್ದೆ. ಆಮೇಲೆ ಐನೂರು. ಸೋತೆ. ಸೋತದ್ದನ್ನ ವಾಪಸ್ ತರೋಕೆ ಎರಡು ಸಾವಿರ. ಯುಪಿಐ ಪಿನ್ ಒತ್ತೋಕೆ ಎಷ್ಟು ಹೊತ್ತು ಬೇಕು ಹೇಳಿ? ಎರಡು ವರ್ಷದಲ್ಲಿ 1,60,000 ರೂಪಾಯಿ ಹೋಯ್ತು. ಅದರಲ್ಲಿ ಒಂದು ಪಾಲು ಸಾಲದ ಆ್ಯಪ್‌ನಿಂದ ತಂದದ್ದು.

2025ರ ಯುಗಾದಿ ಹಬ್ಬದ ಮಾರನೇ ದಿನ ಸಾಲದವರ ಮೆಸೇಜ್ ನನ್ನ ಹೆಂಡತಿ ಕಣ್ಣಿಗೆ ಬಿತ್ತು. ಅವಳು ಕೂಗಾಡಲಿಲ್ಲ. ಒಂದು ಹಾಳೆ, ಪೆನ್ನು ತಂದಿಟ್ಟು, "ರೀ, ಒಂದೊಂದಾಗಿ ಬರೀರಿ" ಅಂದಳು. ಬರೆದು ಮುಗಿಸೋಕೆ ಒಂದೂವರೆ ಗಂಟೆ ಆಯ್ತು. ಮನೆ ಹಿಂದಿನ ಅಡಿಕೆ ತೋಟಕ್ಕೆ ಬೋರ್ ಕೊರೆಸೋಕೆ ಅಂತ ಮೂರು ವರ್ಷದಿಂದ ಕಟ್ಟಿದ್ದ ಚೀಟಿ ದುಡ್ಡು ಆ ಸಾಲಕ್ಕೆ ಹೋಯ್ತು. ಆ ಬೇಸಿಗೆಯಲ್ಲಿ ತೋಟದ ಮೇಲಿನ ಸಾಲಿನ ಹದಿನಾಲ್ಕು ಗಿಡ ಒಣಗಿದ್ವು. ಅಪ್ಪ ಎಣಿಸಿ ಹೇಳಿದ್ದು, ನಾನು ಎಣಿಸೋಕೆ ಹೋಗಲಿಲ್ಲ.

ಅಪ್ಪ ಭದ್ರಾವತಿಯ ವಿಐಎಸ್‌ಎಲ್‌ನಲ್ಲಿದ್ದವರು. ಸಂಬಳದ ದಿನ ಇಸ್ಪೀಟಿಗೆ ಕೂತು ಖಾಲಿ ಕೈಯಲ್ಲಿ ಮನೆಗೆ ಹೋದವರನ್ನ ನೋಡಿದವರು. "ಅವರಾದ್ರೂ ಎದುರಿಗೆ ಕೂತವನ ಮುಖ ನೋಡಿ ಸೋಲ್ತಿದ್ರು ಕಣೋ. ನೀನು ಯಾರ ಹತ್ರ ಸೋತೆ?" ಅಂದ್ರು. ಉತ್ತರ ಇರಲಿಲ್ಲ.

ನಮ್ಮ ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಆಟಗಳನ್ನ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನ ರದ್ದು ಮಾಡ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ ದೇಶದಾದ್ಯಂತ ನಿಷೇಧ ಹಾಕ್ತು. ಅಷ್ಟೊತ್ತಿಗೆ ನಾನು ಬಿಟ್ಟು ಐದು ತಿಂಗಳಾಗಿತ್ತು. ಆದರೂ ಆ ಸುದ್ದಿ ಓದಿದಾಗ ಎದೆ ಹಗುರಾದದ್ದು ಸುಳ್ಳಲ್ಲ.

ಬಿಟ್ಟದ್ದು ಹೇಗೆ? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದ್ರು. ಯಾವ ಹೊತ್ತಿಗೆ ಆಡಬೇಕು ಅನ್ನಿಸುತ್ತೆ, ಅದನ್ನ ಬರೆದಿಡಿ ಅಂದ್ರು. ಬರೆದಾಗ ಗೊತ್ತಾಯ್ತು, ನನಗೆ ಅಪಾಯ ಇರೋದು ಎರಡೇ ಹೊತ್ತು: ಜನಶತಾಬ್ದಿ ರೈಲಿನ ಪ್ರಯಾಣ, ಪಿ.ಜಿ.ಯ ರಾತ್ರಿ ಹತ್ತರಿಂದ ಹನ್ನೆರಡು. ಆ ಹೊತ್ತಿಗೆ ಕೈಗೆ ಬೇರೆ ಏನಾದ್ರೂ ಕೆಲಸ ಬೇಕಿತ್ತು. ಪುಸ್ತಕ ಓದಿ ನೋಡಿದೆ. ಎರಡು ಪುಟ ಆದ ಮೇಲೆ ಕೈ ಫೋನ್ ಹುಡುಕ್ತಿತ್ತು.

ಗುಂಪೇ ಯೊಕೊಯಿ ಅಂತ ಒಬ್ಬ ಜಪಾನಿ ಎಂಜಿನಿಯರ್ ಕಥೆ ಓದಿದ್ದು ಆಗಲೇ. ರೈಲಿನಲ್ಲಿ ಬೇಜಾರಾಗಿ ಕೂತ ಉದ್ಯೋಗಿಯೊಬ್ಬ ಕ್ಯಾಲ್ಕುಲೇಟರ್ ಗುಂಡಿ ಸುಮ್ಮನೆ ಒತ್ತುತ್ತಾ ಕೂತಿದ್ದನ್ನ ನೋಡಿ ಅವರಿಗೆ ಕೈಯಾಟದ ಯಂತ್ರದ ಯೋಚನೆ ಬಂತಂತೆ. 1980ರಲ್ಲಿ ನಿಂಟೆಂಡೊದ ಗೇಮ್ ಆ್ಯಂಡ್ ವಾಚ್ ಬಂತು. 1989ರಲ್ಲಿ ಗೇಮ್‌ಬಾಯ್. ನಾವು ಚಿಕ್ಕವರಿದ್ದಾಗ ಮಾರಿಕಾಂಬಾ ಜಾತ್ರೆಯಲ್ಲಿ ಕೊಳ್ತಿದ್ವಲ್ಲ, ಇಟ್ಟಿಗೆ ಜೋಡಿಸೋ ವಿಡಿಯೊ ಗೇಮು, ಅದೂ ಇದೇ ವಂಶದ್ದೇ. ಅಂದ್ರೆ ಈ ಯಂತ್ರ ಹುಟ್ಟಿದ್ದೇ ರೈಲಿನಲ್ಲಿ ಬೇಜಾರಾದವನಿಗಾಗಿ ಅನ್ನಿ!

ಹೆಂಡತಿ ಹತ್ರ ಹೇಳಿದೆ. "ರೀ, ಇದೂ ಅದೇ ಅಲ್ವಾ? ಗಂಡಿ ಬಿಟ್ಟು ಗುಂಡಿಗೆ ಬೀಳೋದು" ಅಂದಳು. ಅವಳಿಗೆ ವ್ಯತ್ಯಾಸ ವಿವರಿಸೋಕೆ ಒಂದು ವಾರ ಹಿಡೀತು. ರಮ್ಮಿಯಲ್ಲಿ ಪ್ರತಿ ಆಟಕ್ಕೂ ದುಡ್ಡು, ಅದಕ್ಕೆ ಕೊನೆಯೇ ಇಲ್ಲ. ಇಲ್ಲಿ ಆಟಕ್ಕೆ ಒಂದೇ ಸಲ ದುಡ್ಡು. ಸೋತ್ರೆ ಮತ್ತೆ ಶುರು ಮಾಡೋದಷ್ಟೆ. ಆ ಯಂತ್ರದಲ್ಲಿ ನನ್ನ ಬ್ಯಾಂಕ್ ಖಾತೆ, ಯುಪಿಐ ಯಾವುದೂ ಇರಲ್ಲ. ಕೊನೆಗೆ ಒಪ್ಪಿದಳು. ದೀಪಾವಳಿ ಬೋನಸ್ಸಿನಲ್ಲಿ ಮೊದಲು ಹೊಸ ಚೀಟಿಗೆ ಅರ್ಧ, ಉಳಿದದ್ದರಲ್ಲಿ ಸೆಕೆಂಡ್ ಹ್ಯಾಂಡ್, ಅದೂ ಅವಳ ಎದುರಿಗೇ ವ್ಯಾಪಾರ.

ನೀವೂ ಕೊಳ್ಳೋ ಯೋಚನೆಯಲ್ಲಿದ್ರೆ ನಾನು ಕಲಿತದ್ದನ್ನ ಹೇಳ್ತೀನಿ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಆಗಲಿ, 2022ರಲ್ಲಿ ಬಂದ ಸ್ಟೀಮ್ ಡೆಕ್ ಆಗಲಿ, ನಾನು ಹುಡುಕಿದಾಗ ನಮ್ಮ ದೇಶದಲ್ಲಿ ಕಂಪನಿಯಿಂದ ನೇರ ಮಾರಾಟ ಇರಲಿಲ್ಲ. ಸಿಗೋದು ಹೊರಗಿಂದ ತಂದು ಮಾರುವವರ ಹತ್ರ, ಕಂಪನಿ ವಾರಂಟಿ ನಂಬೋ ಹಾಗಿಲ್ಲ. ಏಸಸ್‌ನ ಆರ್‌ಒಜಿ ಅಲೈ 2023ರಲ್ಲಿ ಇಲ್ಲೇ 69,990 ರೂಪಾಯಿಗೆ ಬಿಡುಗಡೆ ಆಗಿತ್ತು. ಕೆಲವೇ ಸಾವಿರಕ್ಕೆ ಸಿಗೋ ಚಿಕ್ಕ ಯಂತ್ರಗಳೂ ಇವೆ, ಹಳೇ ಆಟಗಳಿಗೆ ಸಾಕು. ಆದರೆ ಅವುಗಳ ಜೊತೆ ಕಾರ್ಡ್ ತುಂಬ ಬರೋ ಸಾವಿರಾರು ಆಟ ಸಾಮಾನ್ಯವಾಗಿ ಕದ್ದ ಮಾಲೇ.

ಸೆಕೆಂಡ್ ಹ್ಯಾಂಡ್ ಆದ್ರೆ ಮೂರು ಪರೀಕ್ಷೆ ಮಾಡಿ. ಬಿಲ್ ಕೇಳಿ. ಹಳೇ ಮಾಲೀಕನ ಅಕೌಂಟ್ ಪೂರ್ತಿ ತೆಗೆಸಿ. ಅರ್ಧ ಗಂಟೆ ಆಡಿ, ಬ್ಯಾಟರಿ ಎಷ್ಟು ಇಳಿಯುತ್ತೆ, ಕಡ್ಡಿಗಳು ಸರಿಯಾಗಿ ಓಡ್ತವಾ ನೋಡಿ. ನಾನು ಮೂರನೇದನ್ನ ಹತ್ತೇ ನಿಮಿಷಕ್ಕೆ ಮುಗಿಸಿದೆ. ಎರಡು ವಾರಕ್ಕೆ ಎಡಗಡೆ ಕಡ್ಡಿ ಮುಟ್ಟದೇ ಇದ್ರೂ ಆಟದೊಳಗಿನ ಮನುಷ್ಯ ತಾನೇ ಎಡಕ್ಕೆ ನಡೆಯೋಕೆ ಶುರು ಮಾಡಿದ. ಇದಕ್ಕೆ ಡ್ರಿಫ್ಟ್ ಅಂತಾರೆ. ಕಡ್ಡಿಯ ಕೆಳಗೆ ಇಂಗಾಲದ ಪಟ್ಟಿ ಮೇಲೆ ಲೋಹದ ತುಂಡು ಉಜ್ಜುತ್ತೆ, ಉಜ್ಜಿ ಉಜ್ಜಿ ಸವೆಯುತ್ತೆ, ಆಗ ಯಂತ್ರಕ್ಕೆ ತಪ್ಪು ಲೆಕ್ಕ ಹೋಗುತ್ತೆ. ಹಾಲ್ ಎಫೆಕ್ಟ್ ಕಡ್ಡಿಗಳು ಅಂತ ಬರ್ತವೆ, ಅವುಗಳಲ್ಲಿ ಅಯಸ್ಕಾಂತ ಅಳತೆ ಹೇಳುತ್ತೆ, ಉಜ್ಜೋ ಮಾತಿಲ್ಲ. ದುರ್ಗಿಗುಡಿಯ ಮೊಬೈಲ್ ರಿಪೇರಿ ಹುಡುಗ ಆ ಕಡ್ಡಿ ತರಿಸಿ ಹಾಕಿಕೊಟ್ಟ. "ಅಣ್ಣ, ಇದನ್ನ ಬಿಚ್ಚಿದ್ದು ಇದೇ ಮೊದಲು" ಅಂತ ಬಿಚ್ಚಿ ಆದ ಮೇಲೆ ಹೇಳಿದ.

ಬ್ಯಾಟರಿ ಲೆಕ್ಕ ಸುಲಭ. ನನ್ನ ಯಂತ್ರದ್ದು 40 ವಾಟ್-ಅವರ್. ದೊಡ್ಡ ಆಟಕ್ಕೆ 20 ವಾಟ್ ಬೇಕು, ಎರಡು ಗಂಟೆಗೆ ಖಾಲಿ. ಚಿಕ್ಕ ಆಟವನ್ನ 8 ವಾಟ್‌ಗೆ ಇಳಿಸಿದ್ರೆ ಐದು ಗಂಟೆ, ಅಂದ್ರೆ ಶಿವಮೊಗ್ಗದಿಂದ ಬೆಂಗಳೂರು. ವಿಮಾನದಲ್ಲಿ ಹೋಗೋರು ಇದನ್ನ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಕೊಳ್ಳಿ. ಲಿಥಿಯಂ ಬ್ಯಾಟರಿ ನೋಡಿ.

ನಾನು ಜಾಸ್ತಿ ಆಡೋದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನೋರು ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ ಆಟ. ತಾತನ ಹಾಳುಬಿದ್ದ ಜಮೀನು ನಿಮ್ಮ ಕೈಗೆ ಬರುತ್ತೆ. ಕಳೆ ಕಿತ್ತು, ಬೀಜ ಹಾಕಿ, ದಿನಾ ನೀರು ಹೊಯ್ಯಬೇಕು. ಒಂದು ಶನಿವಾರ ರಾತ್ರಿ ಜಗಲಿಯಲ್ಲಿ ಕೂತು ಆಡ್ತಿದ್ದೆ. ಒಂದು ದಿನ ಮುಗಿಸೋಣ ಅಂತ ಶುರು ಮಾಡಿದ್ದು, ಗಡಿಯಾರ ನೋಡಿದಾಗ ಎರಡೂವರೆ. ಬೆಳಿಗ್ಗೆ ಎದ್ದಾಗ ಒಂಬತ್ತು ದಾಟಿತ್ತು. ಹೊರಗೆ ಬಂದ್ರೆ ಅಪ್ಪ, ಎಪ್ಪತ್ತೊಂದು ವರ್ಷದವರು, ಹಳೇ ಬಾವಿಯ ಮೋಟಾರಿಂದ ಪೈಪ್ ಎಳ್ಕೊಂಡು ಮೇಲಿನ ಸಾಲಿಗೆ ಒಬ್ಬರೇ ನೀರು ಬಿಡ್ತಿದ್ರು. ಅದು ನಾನು ಮಾಡ್ತೀನಿ ಅಂತ ಒಪ್ಪಿಕೊಂಡಿದ್ದ ಕೆಲಸ.

"ನಿನ್ನ ಯಂತ್ರದ ತೋಟಕ್ಕೆ ನೀರಾಯ್ತಾ?" ಅಂದ್ರು ಅಪ್ಪ. ತಿರುಗಿ ಕೂಡ ನೋಡಲಿಲ್ಲ.

1,60,000 ಕಳೆದ ದಿನಕ್ಕಿಂತ ಜಾಸ್ತಿ ನಾಚಿಕೆ ಆದದ್ದು ಅವತ್ತು. ದುಡ್ಡು ಹೋಗದೇ ಇದ್ರೂ ಹೋಗೋದು ಇನ್ನೂ ಇದೆ ಅಂತ ಆಗ ಗೊತ್ತಾಯ್ತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನೂ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹಿಡಿತ ತಪ್ಪೋದು, ಬೇರೆಲ್ಲಕ್ಕಿಂತ ಆಟವೇ ಮುಖ್ಯ ಆಗೋದು, ನಷ್ಟ ಕಂಡರೂ ಮುಂದುವರಿಸೋದು ಅದರ ಲಕ್ಷಣ. ನಿಮ್ಮಲ್ಲೋ ಮನೆಯಲ್ಲೋ ಹಾಗೆ ಅನ್ನಿಸಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಷಟ್ ಕ್ಲಿನಿಕ್ ಇದೆ. ಹೋಗೋಕೆ ನಾಚಿಕೆ ಪಡಬೇಡಿ.

ಅವತ್ತಿಂದ ನಮ್ಮನೆಯಲ್ಲಿ ಎರಡು ನಿಯಮ. ಕನ್ಸೋಲ್ ಚಾರ್ಜರ್ ಹೆಂಡತಿ ಬೀರುವಿನಲ್ಲಿ, ಒಂದು ಚಾರ್ಜ್ ಮುಗಿದ್ರೆ ಅವತ್ತಿನ ಆಟ ಮುಗೀತು. ಊರಲ್ಲಿದ್ದಾಗ ತೋಟಕ್ಕೆ ನೀರು ಬಿಟ್ಟ ಮೇಲೇನೇ ಆಟ. ಈ ಯಂತ್ರದಲ್ಲಿ ನನಗೆ ತುಂಬ ಇಷ್ಟ ಆಗೋದು ಒಂದು ಗುಂಡಿ. ಅದನ್ನ ಒತ್ತಿದ್ರೆ ಆಟ ಎಲ್ಲಿತ್ತೋ ಅಲ್ಲೇ ನಿಲ್ಲುತ್ತೆ, ನಾಳೆ ಅಲ್ಲಿಂದಲೇ ಶುರು. ರಮ್ಮಿಯಲ್ಲಿ ಅಂಥ ಗುಂಡಿ ಇರಲಿಲ್ಲ.

ಹೊಸ ಚೀಟಿ ಮುಗಿಯೋಕೆ ಇನ್ನೂ ಹದಿನಾರು ತಿಂಗಳಿದೆ. ಅಲ್ಲಿವರೆಗೆ ಬೋರ್ ಇಲ್ಲ, ಪೈಪೇ ಗತಿ. ಒಣಗಿದ ಹದಿನಾಲ್ಕರ ಜಾಗದಲ್ಲಿ ಹೋದ ಮಳೆಗಾಲದಲ್ಲಿ ಸಸಿ ನೆಟ್ಟಿದ್ದೀವಿ. ಆಟದಲ್ಲಾದ್ರೆ ಕೆಲವೇ ದಿನಕ್ಕೆ ಫಸಲು ಬರುತ್ತೆ. ಇವು ಫಲ ಬಿಡೋಕೆ ಐದಾರು ವರ್ಷ ಬೇಕು. ಬೆಳಿಗ್ಗೆ ಪೈಪ್ ಹಿಡಿದು ನಿಂತಾಗ ನಾನೂ ಈಗ ಎಣಿಸ್ತೀನಿ. ಇವತ್ತಿಗೆ ಹದಿಮೂರು ಬದುಕಿವೆ.