ಇಪ್ಪತ್ತು ದಾಟಿದ ಮೇಲಿನ ಹಸಿವು

“ಅಕ್ಕಿ ಸಾಕು ಕಣೋ, ಬ್ಯಾಳಿ ಎಣ್ಣಿ ಯಾರೂ ಕೊಡಂಗಿಲ್ಲ.” ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಪಕ್ಕದ ಹುಡುಗ ಫೋನಿನಲ್ಲಿ ಹೇಳುತ್ತಿದ್ದ. ಕಾಲ ಬಳಿ ಅರ್ಧ ತುಂಬಿದ ಚೀಲ. ಓಣಿಯ ಮನೆಮನೆಯಿಂದ ದವಸ ಕೂಡಿಸಿ ಇಲ್ಲದವರಿಗೆ ಮುಟ್ಟಿಸುವ ಗೆಳೆಯರ ಗುಂಪಿನವನಂತೆ. ಕೇಳಿದ್ದಕ್ಕೆ ಚೀಲದ ಬಾಯಿ ಬಿಚ್ಚಿ ತೋರಿಸಿದ. ಸೋನಾ ಮಸೂರಿ, ರೇಷನ್ ಅಕ್ಕಿ, ಹಳೆಯದು, ಹೊಸದು, ಒಂದಿಷ್ಟು ಕುಸುಬಲಕ್ಕಿ, ಎಲ್ಲ ಬೆರೆತಿತ್ತು. ಒಟ್ಟಿಗೆ ಒಲೆಗಿಟ್ಟರೆ ಹೊಸದು ಮುದ್ದೆಯಾಗುವ ಹೊತ್ತಿಗೆ ಕುಸುಬಲು ಇನ್ನೂ ಕಾಳುಕಾಳು. ಅದಕ್ಕೇ ಗಿರಣಿಗೆ ಹಾಕಿಸಿ ಹಿಟ್ಟು ಮಾಡಿ ಕೊಡುತ್ತೇವೆ ಅಂದ. ಆಮೇಲಿಂದ ‘ಅಕ್ಕಿ ಸಾಕು’ ಎಂಬ ಅವನ ಮಾತು ನನ್ನನ್ನು ಬಿಟ್ಟಿಲ್ಲ.

ಮುಷ್ಟಿ ಅಕ್ಕಿ ನಮ್ಮ ಸೀಮೆಗೆ ಹೊಸದೇನಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿದ ತಲೆಮಾರುಗಳು ಉಂಡದ್ದು ಊರವರು ಕೊಟ್ಟ ಕಾಳುಕಡಿಯನ್ನೇ. ಆದರೆ ನನ್ನ ಮನಸ್ಸು ಎಂದಿನಂತೆ ಶಾಸನಗಳ ಕಡೆ ಹೊರಳಿತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗೋಣ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಬಿಜ್ಜಳನ ಕಾಲದ್ದು. ಮಠ ಕಾಳಾಮುಖರದು, ಗುರು ವಾಮಶಕ್ತಿ. ಈ ಶಾಸನವನ್ನು ಉಲ್ಲೇಖಿಸುವ ಹಲವು ವಿದ್ವಾಂಸರು ಅಲ್ಲಿ ಕಲಿಸುತ್ತಿದ್ದ ವ್ಯಾಕರಣ, ನ್ಯಾಯ, ಸಾಂಖ್ಯಗಳ ಸಾಲಿಗೆ ಬಂದು ನಿಂತುಬಿಡುತ್ತಾರೆ. ಪ್ರಾಚೀನ ವಿಶ್ವವಿದ್ಯಾಲಯ ಎಂದು ಹೆಸರಿಟ್ಟು ಪುಸ್ತಕ ಮುಚ್ಚುತ್ತಾರೆ. ಇದು ನನಗೆ ವರ್ಷಗಳಿಂದ ಸಹಿಸಲಾಗದ ಸಂಗತಿ. ಮುಂದಿನ ಸಾಲುಗಳಲ್ಲೇ ಅನ್ನದ ವಿಷಯವಿದೆ! ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾ ದೇಶದ ಭಿಕ್ಷುಕರು: ಇವರೆಲ್ಲರಿಗೂ ಅಡ್ಡಿಯಿಲ್ಲದೆ ಅನ್ನ ಸಿಗುವ ಜಾಗವದು. ಅದರ ಬೆನ್ನಿಗೇ ರೋಗಿಗಳ ಆರೈಕೆಯ ಮಾತು. ಶೈವ ಮಠದ ಪಂಕ್ತಿಯಲ್ಲಿ ಜೈನ ಸನ್ಯಾಸಿಗೂ ಎಲೆ ಹಾಕಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದವರ ದೊಡ್ಡತನವನ್ನು ಎಷ್ಟು ಹೇಳಿದರೂ ನನಗೆ ದಣಿವಿಲ್ಲ.

ಇಂಥ ಅಡುಗೆಮನೆಗೆ ದಿನಸಿ ಎಲ್ಲಿಂದ ಬರುತ್ತಿತ್ತು? ಆ ಶತಮಾನಗಳ ದತ್ತಿ ಶಾಸನಗಳನ್ನು ಸಾಲಾಗಿ ಓದಿದರೆ ತಿಳಿಯುತ್ತದೆ. ರಾಜನೋ ದಂಡನಾಯಕನೋ ಗದ್ದೆ ಬಿಡುತ್ತಾನೆ. ಅದರ ಜೊತೆಗೆ ಗಾಣಕ್ಕೆ ಇಷ್ಟು ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಮಾನ ಎಂದು ಊರ ಗಾಣಿಗರೂ ಸೆಟ್ಟಿಗಳೂ ಒಪ್ಪಿಕೊಂಡಿರುತ್ತಾರೆ. ದೇವರ ದೀಪಕ್ಕೂ ತಪಸ್ವಿಗಳ ಊಟಕ್ಕೂ ಇದೇ ಮೂಲ. ಒಬ್ಬೊಬ್ಬರ ಪಾಲು ಚಿಕ್ಕದು. ಗಾಣ ತಿರುಗುವಷ್ಟು ದಿನವೂ ಅದು ಬರಬೇಕು, ತಪ್ಪಿಸಿದವನಿಗೆ ಕಲ್ಲಿನ ಕೊನೆಯಲ್ಲಿ ಶಾಪ ಕಾದಿದೆ.

ನಮ್ಮ ಕಾಲದ ದಾನದ ಫ್ಲೆಕ್ಸ್ ಹಾವಳಿಯ ಬಗ್ಗೆ ಬರೆಯಬೇಕೆಂದು ಕೂತವನು ನಾನು. ಐದು ಕಿಲೋ ಕಿಟ್ಟಿಗೆ ಹತ್ತು ಮುಖಗಳ ಬ್ಯಾನರು, ಕೈಯೊಡ್ಡಿದ ಮುದುಕಿಯನ್ನು ಕ್ಯಾಮೆರಾ ಕಡೆ ತಿರುಗಿಸಿ ನಿಲ್ಲಿಸುವುದು, ಇವು ನನಗೆ ಅಸಹ್ಯ. ಆದರೆ ಶಾಸನವೂ ದಾನಿಯ ಹೆಸರನ್ನು ಕೆತ್ತಿತ್ತಲ್ಲ. ಹೆಸರಿನ ತಕರಾರು ಅಷ್ಟಕ್ಕೇ ಇರಲಿ. ಬರೆಯುತ್ತ ಬಂದ ಹಾಗೆ ನನಗೆ ಮುಖ್ಯವಾಗಿ ಕಂಡದ್ದು ತಾರೀಖು. ನಮ್ಮ ದಾನ ಯಾವ ದಿನ ಬರುತ್ತದೆ, ಹಸಿವು ಯಾವ ದಿನ ಬರುತ್ತದೆ?

ಹಿಂದಿನ ಹಸಿವು ಹೇಗಿತ್ತೆಂದು ತಿಳಿಯಲು ಧಾತು, ಈಶ್ವರ ಸಂವತ್ಸರಗಳ ಮಹಾ ಬರವನ್ನು ನೆನೆಯಬೇಕು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಹಸಿವು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಇಂದಿನದು ಮನೆಯ ಬಾಗಿಲು ಮುಚ್ಚಿಕೊಂಡು ಕೂತಿರುತ್ತದೆ, ಬಂದು ಹೋಗಲು ಅದಕ್ಕೊಂದು ಲೆಕ್ಕವಿದೆ. ಭದ್ರಾ ನಾಲೆಯ ಭತ್ತ ಬೆಳೆಯುವ ಈ ಸೀಮೆಯಲ್ಲಿ ಅಕ್ಕಿಗೆ ಬರವಿಲ್ಲ. ಬಿಪಿಎಲ್ ಕಾರ್ಡಿದ್ದವರಿಗೆ 2025ರ ಫೆಬ್ರುವರಿಯಿಂದ ತಲೆಗೆ 10 ಕಿಲೋ ಅಕ್ಕಿ ಬಂತು. ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ 5 ಕಿಲೋ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು. ಬಸ್ಸಿನ ಹುಡುಗ ಕಂಡುಕೊಂಡದ್ದನ್ನೇ ಸಂಪುಟವೂ ಕಂಡುಕೊಂಡಿತ್ತು. ಆದರೂ ಬೆರಳಚ್ಚು ಸವೆದ ಹಮಾಲಿ, ಕಾರ್ಡು ಬೇರೆ ಊರಲ್ಲಿಟ್ಟು ಬಂದ ಕೂಲಿಯ ಸಂಸಾರ, ಜಡಿಮಳೆಯಲ್ಲಿ ಭತ್ತ ಒಣಗದೆ ಕೆಲಸ ನಿಂತ ಮಂಡಕ್ಕಿ ಭಟ್ಟಿಯ ಹೆಂಗಸು, ಇವರಿಗೆ ತಿಂಗಳ ಇಪ್ಪತ್ತು ದಾಟಿದ ಮೇಲೆ ಡಬ್ಬಿಯ ತಳ ಕಾಣುತ್ತದೆ. ಅಕ್ಷರ ದಾಸೋಹದಲ್ಲಿ ಮಧ್ಯಾಹ್ನ ಉಣ್ಣುವ ಮಕ್ಕಳಿಗೆ ಏಪ್ರಿಲ್–ಮೇ ರಜೆಯಲ್ಲಿ ಆ ತಟ್ಟೆ ಇಲ್ಲ. ಬರಗಾಲವೆಂದು ಘೋಷಿಸಿದ ವರ್ಷ ಮಾತ್ರ ರಜೆಯಲ್ಲೂ ಬಿಸಿಯೂಟ. ತುಂಗಭದ್ರೆ ಉಕ್ಕಿದಾಗ ಹರಿಹರದ ಗಂಗಾನಗರದವರು ಪಾತ್ರೆಪಗಡ ಹೊತ್ತು ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿರುವಷ್ಟು ದಿನ ಊಟವುಂಟು. ಕಷ್ಟ ಶುರುವಾಗುವುದು ನೀರಿಳಿದು, ಒಲೆ ಒದ್ದೆಯಾದ ಮನೆಗೆ ಮರಳಿದ ಮೇಲೆ.

ನಾವು ಕೊಡುವುದು ಯಾವಾಗ? ನಾಯಕರ ಹುಟ್ಟುಹಬ್ಬ, ಜಯಂತಿ, ಹಬ್ಬ. ಒಂದೇ ಓಣಿಗೆ ಒಂದೇ ದಿನ ಮೂರು ಗುಂಪಿನವರ ಪಲಾವು ಬಂದು ಸಂಜೆಗೆ ಹಳಸುತ್ತದೆ. ಮರುದಿನ ಏನೂ ಇಲ್ಲ.

ಬಸ್ಸಿನ ಹುಡುಗನಿಗೂ ಅವನ ಗೆಳೆಯರಿಗೂ ನನ್ನದೊಂದು ಕೋರಿಕೆ. ಮನೆಗೊಂದು ಮುಷ್ಟಿಯನ್ನು ಬಿಡಬೇಡಿ, ಅಕ್ಕಿಯ ಜಾಗದಲ್ಲಿ ಬೇಳೆ ಕೇಳಿ. ಒಂದು ಓಣಿಗೆ ತೊಗರಿಬೇಳೆ, ಇನ್ನೊಂದಕ್ಕೆ ಎಣ್ಣೆ, ಮತ್ತೊಂದಕ್ಕೆ ಬೆಲ್ಲ ಎಂದು ಹಂಚಿಬಿಟ್ಟರೆ ಗಿರಣಿಯ ಖರ್ಚೂ ಉಳಿಯುತ್ತದೆ. ತಿಂಗಳ ಹದಿನೆಂಟಕ್ಕೆ ಕೂಡಿಸಿ, ಇಪ್ಪತ್ತೊಂದಕ್ಕೆ ಮುಟ್ಟಿಸಿ. ಉಳಿದ ಗುಂಪುಗಳನ್ನು ಕರೆದು ಯಾರು ಯಾವ ಓಣಿ, ಯಾವ ವಾರ ಎಂದು ಒಮ್ಮೆ ಬರೆದಿಟ್ಟುಕೊಳ್ಳಿ. ರೇಷನ್ ಅಂಗಡಿಯಿಂದ ಬರಿಗೈಲಿ ತಿರುಗಿದವರು ಯಾರೆಂಬುದು ಆ ಓಣಿಯ ಹೆಂಗಸರಿಗೆ ಗೊತ್ತಿರುತ್ತದೆ, ಮೊದಲು ಅವರನ್ನು ಕೇಳಿ. ಗಂಗಾನಗರಕ್ಕೆಂದು ಎತ್ತಿಟ್ಟದ್ದನ್ನು ನೆರೆ ಇಳಿದು ಒಂದು ವಾರವಾದ ಮೇಲೆ ಒಯ್ಯಿರಿ, ಒಣ ಸೌದೆಯ ಜೊತೆಗೆ.