ಸಾಹಸವೆಂಬುದು ಸರಕಲ್ಲ: ಸಗರನಾಡಿನ ಬೆಟ್ಟಗಳು ಕಲಿಸುವ ಪಾಠ

‘ಚಾರಣ’ ಎಂಬ ಶಬ್ದ ಮಲೆನಾಡಿನ ಹಳ್ಳಿಗಳಿಗೆ ಈಗ ಹೊಸದಲ್ಲ. ಶುಕ್ರವಾರ ರಾತ್ರಿ ನಗರದಿಂದ ಹೊರಟ ವಾಹನಗಳು ಶನಿವಾರ ಬೆಳಗಾಗುವುದರೊಳಗೆ ಬೆಟ್ಟದ ಬುಡದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. 2024ರ ಗಣರಾಜ್ಯೋತ್ಸವದ ಸಾಲುರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ಸೇರಿದ್ದರು. ಆ ಬಳಿಕ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ಸಂಖ್ಯೆಗೆ ಮಿತಿಯುಳ್ಳ ಮುಂಗಡ ಟಿಕೆಟ್ ವ್ಯವಸ್ಥೆಯನ್ನು ತಂದಿತು. ಈ ಕ್ರಮ ಅನಿವಾರ್ಯವಾಗಿತ್ತು. ಆದರೆ ಅದು ಉತ್ತರಿಸದ ಪ್ರಶ್ನೆಯೊಂದು ಉಳಿದೇ ಇದೆ. ನಿಸರ್ಗದೊಡನೆ ಒಡನಾಡುವ ಬದುಕು ಎಂದರೆ ಹಸಿರು ಬೆಟ್ಟ, ಬೆನ್ನಿಗೆ ದುಬಾರಿ ಚೀಲ, ವಾರದ ಕೊನೆಯ ಎರಡು ದಿನ ಮತ್ತು ಒಂದಿಷ್ಟು ಹಣ ಎಂಬ ಕಲ್ಪನೆ ಎಲ್ಲಿಂದ ಬಂತು?

ಈ ಕಲ್ಪನೆಯನ್ನು ಒರೆಗೆ ಹಚ್ಚಲು ಸಹ್ಯಾದ್ರಿಯಿಂದ ದೂರ ಸರಿದು ನೋಡುವುದು ಒಳ್ಳೆಯದು. ರಾಜ್ಯದ ಈಶಾನ್ಯ ಭಾಗದಲ್ಲಿ ಕೃಷ್ಣಾ ಮತ್ತು ಭೀಮಾ ನದಿಗಳ ನೆರೆಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ನಾಡಿದೆ. 2009ರ ಡಿಸೆಂಬರ್‌ನಲ್ಲಿ ಅಂದಿನ ಗುಲಬರ್ಗಾದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಯ ಶಹಾಪುರ–ಸುರಪುರ ಭಾಗವನ್ನು ಜನ ಸಗರನಾಡು ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ, ಬೇವು, ಜಾಲಿ, ಸೀತಾಫಲಗಳು ಬಂಡೆಯ ಸಂದಿಯಲ್ಲಿ ಬೇರಿಳಿಸಿ ಬದುಕುವ ನಾಡು ಇದು. ಚಾರಣದ ಜಾಹೀರಾತುಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದೆಂದು ರಸ್ತೆಬದಿಯಲ್ಲಿ ವಾಹನ ನಿಲ್ಲಿಸಿ ಚಿತ್ರ ತೆಗೆಯುವುದು, ಹೊರಗಿನವರಿಗೆ ಈ ನಾಡಿನೊಡನಿರುವ ಸಂಬಂಧ ಬಹುಮಟ್ಟಿಗೆ ಅಷ್ಟಕ್ಕೇ ಮುಗಿಯುತ್ತದೆ.

ಬಯಲಿನಲ್ಲಿ ಬಾಳುವುದೆಂದರೇನೆಂದು ಇಷ್ಟು ದೀರ್ಘಕಾಲ ಅರಿತ ನೆಲ ಕರ್ನಾಟಕದಲ್ಲಿ ಇನ್ನೊಂದು ದೊರೆಯುವುದು ಕಷ್ಟ. ಹುಣಸಗಿ ಮತ್ತು ಬೈಚಬಾಳದ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನ ವಿದ್ವಾಂಸ ಕೆ. ಪದ್ದಯ್ಯನವರು ದಶಕಗಳ ಕಾಲ ನಡೆದಾಡಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ ನೆಲೆಯಲ್ಲಿ 1997ರಿಂದ ಕೆಲವು ವರ್ಷ ಉತ್ಖನನ ನಡೆಯಿತು. ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡಿಕೊಂಡ ಆದಿಮಾನವನ ಕಾರ್ಯಾಗಾರವೇ ಅಲ್ಲಿ ಹೊರಬಂದಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂಬ ಅಂದಾಜು 2002ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮನುಷ್ಯ ವಾಸದ ಅತಿ ಪ್ರಾಚೀನ ಕುರುಹುಗಳ ಸಾಲಿನಲ್ಲಿ ಇದೂ ಒಂದು.

ಅಲ್ಲಿನ ಜನ ಹೇಗೆ ಬದುಕಿದ್ದಿರಬೇಕೆಂಬುದರ ಬಗ್ಗೆ ಪದ್ದಯ್ಯನವರು ಕೊಟ್ಟ ವಿವರಣೆ ಇನ್ನೂ ಮುಖ್ಯವಾದುದು. ಮಳೆಗಾಲದಲ್ಲಿ ಎಲ್ಲೆಡೆ ನೀರಿರುವಾಗ ಚಿಕ್ಕ ಚಿಕ್ಕ ಗುಂಪುಗಳಾಗಿ ಕಣಿವೆಯ ಉದ್ದಗಲಕ್ಕೂ ಚದುರಿ ಹೋಗುವುದು, ಬೇಸಿಗೆಯಲ್ಲಿ ಬತ್ತದ ಊಟೆಗಳ ಸುತ್ತ ಮತ್ತೆ ಒಂದಾಗುವುದು. ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ, ಯಾವ ಗಿಡ ಯಾವಾಗ ಕಾಯಿ ಬಿಡುತ್ತದೆ, ಪ್ರಾಣಿಗಳ ದಾರಿ ಯಾವುದು ಎಂಬ ಅರಿವಿಲ್ಲದೆ ಈ ಬದುಕು ಸಾಧ್ಯವಿಲ್ಲ. ಆ ಅರಿವು ಇಂದಿಗೂ ಪೂರ್ತಿ ಅಳಿದಿಲ್ಲ. ಇದೇ ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್‌ಗಳಲ್ಲಿ ನವಶಿಲಾಯುಗದ ಬೂದಿದಿಬ್ಬಗಳಿವೆ. ದನದ ಹಟ್ಟಿಗಳಲ್ಲಿ ಕೂಡಿದ ಸಗಣಿ ಸುಟ್ಟು ಬೆಳೆದ ದಿಬ್ಬಗಳು ಇವು. ಅಂದು ದನಗಾಹಿಗಳು ನಡೆದ ನೆಲದಲ್ಲೇ ಇಂದು ಕುರಿಗಾರರು ಕಂಬಳಿ ಹೊದ್ದು, ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತ, ನೀರು–ಮೇವು ಅರಸಿ ತಿಂಗಳುಗಟ್ಟಲೆ ತಿರುಗುತ್ತಾರೆ. ರಾತ್ರಿಯ ನಕ್ಷತ್ರ, ಗಾಳಿಯ ದಿಕ್ಕು, ನರಿಯ ಕೂಗು ಅವರಿಗೆ ನಿತ್ಯದ ಓದು. ಅವರನ್ನು ಯಾರೂ ‘ಸಾಹಸಿಗಳು’ ಎಂದು ಕರೆದಿಲ್ಲ. ನಗರದ ಚಾರಣಿಗನೊಬ್ಬ ಒಂದು ರಾತ್ರಿ ಡೇರೆಯಲ್ಲಿ ಮಲಗಿದರೆ ಅದು ಸಾಹಸ. ಕುರಿಗಾರನೊಬ್ಬ ವರ್ಷದ ಬಹುಭಾಗ ಬಯಲಲ್ಲಿ ಮಲಗಿದರೆ ಅದು ಹಿಂದುಳಿದಿರುವಿಕೆ! ಈ ತಾರತಮ್ಯವನ್ನು ಪ್ರಶ್ನಿಸದೆ ಪರಿಸರ ಸಂಸ್ಕೃತಿಯ ಮಾತು ಪೂರ್ಣವಾಗದು.

ಬಂಡೆಯೊಡನೆ ಈ ನಾಡಿನ ನಂಟು ಇತಿಹಾಸಕ್ಕೂ ಹಬ್ಬಿದೆ. 1705ರಲ್ಲಿ ಮುಪ್ಪಿನ ಔರಂಗಜೇಬ ಸ್ವತಃ ದಂಡು ತಂದು ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಬೇಡ ನಾಯಕರ ಬಂದೂಕುಧಾರಿಗಳು ತಿಂಗಳುಗಳ ಕಾಲ ಅವನನ್ನು ತಡೆದು ನಿಲ್ಲಿಸಿದರು. ಕಡೆಗೆ ಮೊಗಲರ ಕೈಗೆ ದಕ್ಕಿದ್ದು ಕಾವಲಿನವರು ತೊರೆದುಹೋಗಿದ್ದ ಬರಿಯ ಕೋಟೆ. ಸಂಖ್ಯೆಯಲ್ಲಿ ಕಡಿಮೆಯಿದ್ದವರಿಗೆ ಗುಡ್ಡ, ಕೊರಕಲು, ಕಲ್ಲುಸಂದಿಗಳ ಪರಿಚಯವೇ ಬಲವಾಗಿತ್ತು. ಆ ಮೈಗಾರಿಕೆಯ ನೆನಪು ಹಬ್ಬದ ರೂಪದಲ್ಲಿ ಇಂದಿಗೂ ಉಳಿದಿದೆ ಎನ್ನಬಹುದು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕಳಿಯಲ್ಲಿ ಯುವಕರು ಜಾರುವ ಎತ್ತರದ ಕಂಬಗಳನ್ನು, ಸುರಿಯುವ ನೀರಿನ ನಡುವೆಯೇ, ಊರ ಜನರ ಕೇಕೆಯ ನಡುವೆ ಏರುತ್ತಾರೆ. ಕ್ರೀಡಾಕೂಟಗಳು ಹಗ್ಗ, ಕೊಂಡಿಗಳೊಡನೆ ಕಲಿಸುವ ಆರೋಹಣಕ್ಕೆ ಇಲ್ಲಿ ಮೊದಲೇ ಒಂದು ಮನೆತನವಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ನಿಸರ್ಗದ ನಡುವಿನ ಬದುಕನ್ನು ಹಾಡಿಹೊಗಳುವವರು ಈ ಜಿಲ್ಲೆಯ ಬಡವರ ಮುಖ ನೋಡಿ ಮಾತಾಡಬೇಕು. 2014ರ ಮಳೆಗಾಲದಲ್ಲಿ ಸುರಪುರ ಸೀಮೆಯ ಕೃಷ್ಣಾ ನಡುಗಡ್ಡೆಯೊಂದರಿಂದ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕಿ ಹರಿಯುತ್ತಿದ್ದ ಹೊಳೆಯನ್ನು ಈಜಿ ದಾಟಿ ಆಸ್ಪತ್ರೆಯ ದಾರಿ ಹಿಡಿದರು. ಪತ್ರಿಕೆಗಳು ಅದನ್ನು ಸಾಹಸವೆಂದು ಬಣ್ಣಿಸಿದವು. ಅದು ಸಾಹಸ ನಿಜ. ಆದರೆ ಅದಕ್ಕಿಂತ ಮೊದಲು ಅದು ಸೇತುವೆಯಿಲ್ಲದ ಊರಿನ ಮೇಲೆ ಹೇರಲಾದ ಶಿಕ್ಷೆ. ಬರ ಬಿದ್ದ ವರ್ಷ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಗಡಿನ ಶೆಡ್ಡಿನಲ್ಲಿ, ಬಯಲಲ್ಲಿ ಮಲಗುತ್ತಾರೆ. ಅವರಿಗೆ ‘ಬಯಲ ಬದುಕು’ ಎಂಬುದು ಆಯ್ಕೆಯಲ್ಲ.

ಆದ್ದರಿಂದ ಗೆರೆಯೊಂದನ್ನು ಸ್ಪಷ್ಟವಾಗಿ ಎಳೆಯಬೇಕು. ಹಿಂತಿರುಗಿ ಬರಲು ಮನೆ, ಬಿದ್ದರೆ ಎತ್ತಲು ಜನ, ಗಾಯವಾದರೆ ಆಸ್ಪತ್ರೆ ಇರುವಾಗ ತಾನಾಗಿ ಎದುರಿಸುವ ಕಷ್ಟ ಮನುಷ್ಯನನ್ನು ಬೆಳೆಸುತ್ತದೆ. ಇವೊಂದೂ ಇಲ್ಲದಾಗ ತಲೆಯ ಮೇಲೆ ಬಂದೆರಗುವ ಕಷ್ಟ ಅವನನ್ನು ಸವೆಸುತ್ತದೆ. ನಡುಗಡ್ಡೆಗಳಿಗೆ ಸೇತುವೆ, ಹಳ್ಳಿಗಳಿಗೆ ವೈದ್ಯರು, ದುಡಿಯುವ ಕೈಗಳಿಗೆ ಊರಲ್ಲೇ ಕೆಲಸ ಇವು ಮೊದಲು. ಇವನ್ನು ಕೇಳುವುದೂ ಪರಿಸರ ಚಳವಳಿಯ ಕೆಲಸವೇ. ಆದರೆ ಇವೆಲ್ಲ ದೊರೆಯುವವರೆಗೆ ಬೆಟ್ಟ, ಹೊಳೆಗಳ ಮಾತು ಬೇಡ ಎನ್ನುವ ವಾದವೂ ಸರಿಯಲ್ಲ. ಬಡವರ ಮಕ್ಕಳಿಗೆ ಹೊಟ್ಟೆಯ ಚಿಂತೆಯೊಂದೇ ಸಾಕು, ನಿಸರ್ಗದ ಆನಂದ ಉಳ್ಳವರಿಗೆ ಇರಲಿ ಎಂಬ ಅರ್ಥ ಆ ವಾದದೊಳಗೆ ಅಡಗಿದೆ. ತಾನು ಹುಟ್ಟಿದ ಊರಿನ ಗುಡ್ಡವನ್ನು ಕೂಲಿಗಾಗಿಯಲ್ಲದೆ ಕುತೂಹಲಕ್ಕಾಗಿ ಹತ್ತುವ ಹಕ್ಕು ಪ್ರತಿ ಮಗುವಿಗೂ ಇದೆ.

ಇಂಥ ಹಕ್ಕನ್ನು ಶಾಸನದಲ್ಲೇ ಬರೆದಿಟ್ಟ ದೇಶಗಳಿವೆ. ನಾರ್ವೆಯಲ್ಲಿ ಬಯಲ ಬದುಕಿಗೆ ‘ಫ್ರಿಲುಫ್ಟ್ಸ್‌ಲಿವ್’ ಎಂಬ ಹೆಸರಿದೆ; ತೆರೆದ ಗಾಳಿಯ ಬಾಳು ಎಂದು ಅದರ ಅರ್ಥ. ಅಲ್ಲಿ 1957ರ ಕಾಯಿದೆ ಸಾಗುವಳಿಯಾಗದ ನೆಲದಲ್ಲಿ ಯಾರು ಬೇಕಾದರೂ ನಡೆದಾಡುವ ಅಧಿಕಾರವನ್ನು ಖಚಿತಪಡಿಸಿತು. ಆ ಅಧಿಕಾರದ ಜೊತೆಗೆ ನೆಲಕ್ಕೂ ನೆರೆಯವರಿಗೂ ಹಾನಿಯಾಗದಂತೆ ನಡೆದುಕೊಳ್ಳುವ ಹೊಣೆಯೂ ಅಂಟಿಕೊಂಡಿದೆ. ಅಲ್ಲಿನ ಚಳಿ, ಹಿಮ ಇಲ್ಲಿಲ್ಲ. ಅಲ್ಲಿನ ಸಂಪತ್ತೂ ಇಲ್ಲಿಲ್ಲ. ಆದರೂ ಬಯಲು ಎಲ್ಲರದು, ಅದರ ಕಾಳಜಿಯೂ ಎಲ್ಲರದು ಎಂಬ ತತ್ವ ಗೋಮಾಳ ಮತ್ತು ಕೆರೆಯಂಗಳಗಳನ್ನು ಊರೊಟ್ಟಿಗೆ ಬಳಸುತ್ತ ಬಂದ ನಾಡಿಗೆ ಹೊಸದೇನೂ ಅಲ್ಲ.

ಆ ತತ್ವಕ್ಕೆ ಇಂದು ಎರಡು ಕಡೆಯಿಂದ ಪೆಟ್ಟು ಬೀಳುತ್ತಿದೆ. ಮೊದಲನೆಯದು ಕಡೆಗಣನೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಜೋಳ, ತೊಗರಿಯ ಹೊಲಗಳ ಒಂದು ಭಾಗ ಭತ್ತದ ಗದ್ದೆಗಳಾದವು. ರೈತರಿಗೆ ಅದು ಬೇಕಾಗಿತ್ತು. ಆದರೆ ನೆಲ ಮಟ್ಟ ಮಾಡುವ ಭರದಲ್ಲಿ ಲಕ್ಷಾಂತರ ವರ್ಷಗಳ ನೆಲೆಗಳು, ಬೂದಿದಿಬ್ಬಗಳು ಗುರುತಿಲ್ಲದಂತಾದವು. ಬಂಡೆಯ ಬೆಟ್ಟವೆಂದರೆ ಜಲ್ಲಿಯ ದಾಸ್ತಾನು ಎಂದಷ್ಟೇ ಎಣಿಸುವ ಕಣ್ಣು ರಾಜ್ಯದ ಎಲ್ಲ ಕಡೆ ಇರುವಂತೆ ಇಲ್ಲೂ ಇದೆ. ಒಮ್ಮೆ ಒಡೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಉಳಿಯುವುದು ನೀರು ನಿಂತ ಆಳವಾದ ಹೊಂಡ.

ಎರಡನೆಯದು ಅಭಿವೃದ್ಧಿಯ ಹೆಸರಿನ ಅತಿಪ್ರೀತಿ. ಬೆಟ್ಟದ ನೆತ್ತಿಯವರೆಗೆ ಕಾಂಕ್ರೀಟ್ ಮೆಟ್ಟಿಲು, ಬಣ್ಣದ ದೀಪ, ಸೆಲ್ಫಿ ತಾಣ, ಬುಡದಲ್ಲಿ ರೆಸಾರ್ಟ್ ಇವೇ ಪ್ರವಾಸೋದ್ಯಮವೆಂದು ನಂಬಿದರೆ ಏನಾಗುತ್ತದೆಂಬುದನ್ನು ಮಲೆನಾಡಿನವರು ಸಗರನಾಡಿನವರಿಗೆ ವಿವರವಾಗಿ ಹೇಳಬಲ್ಲರು. ಅಂಥ ಅಭಿವೃದ್ಧಿಯಲ್ಲಿ ಊರ ಯುವಕನಿಗೆ ಸಿಗುವುದು ವಾಹನ ನಿಲ್ಲಿಸುವ ಜಾಗದ ಚೀಟಿ ಹರಿಯುವ ಕೆಲಸ. ಬೆಟ್ಟದ ಬಗ್ಗೆ ಅವನಿಗಿರುವ ತಿಳಿವಳಿಕೆಗೆ ಅಲ್ಲಿ ಬೆಲೆಯಿಲ್ಲ.

ಇವೆರಡರ ನಡುವೆ ಕಡಿಮೆ ಖರ್ಚಿನ, ಹೆಚ್ಚು ಘನತೆಯ ದಾರಿಯೊಂದಿದೆ. ಅದು ಆರಂಭವಾಗಬೇಕಾದದ್ದು ಶಾಲೆ, ಕಾಲೇಜುಗಳಿಂದ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಈ ಸೀಮೆಯ ಹವೆ ನಡಿಗೆಗೆ ಹಿತವಾಗಿರುತ್ತದೆ. ಆ ತಿಂಗಳುಗಳಲ್ಲಿ ಪ್ರತಿ ಶಾಲೆಯೂ ಮಕ್ಕಳನ್ನು ತಮ್ಮೂರಿನಿಂದ ನಡೆದು ತಲುಪಬಹುದಾದ ಒಂದು ಜಾಗಕ್ಕೆ ಕರೆದೊಯ್ಯಲಿ. ಯಾದಗಿರಿಯವರಿಗೆ ಕೋಟೆಯ ಗುಡ್ಡವಿದೆ. ಶಹಾಪುರದವರಿಗೆ ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ಸಾಲುಗಲ್ಲುಗಳಿವೆ. ಸುರಪುರದವರಿಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುವ ಬೋನಾಳ ಕೆರೆಯಿದೆ, ಜನ ‘ಮೋರೇರ ಮನೆ’ ಎನ್ನುವ ರಾಜನಕೋಳೂರಿನ ಕಲ್ಗೋರಿಗಳಿವೆ. 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಕಲ್ಲುಗಳನ್ನು ಅಳೆದು ವಿವರ ಬರೆದು ಹೊರಜಗತ್ತಿಗೆ ತಿಳಿಸಿದ. ಪರದೇಶದಿಂದ ಬಂದವನು ಕಂಡದ್ದನ್ನು ಊರ ಮಕ್ಕಳು ಇನ್ನಾದರೂ ಕಾಣಬೇಡವೇ?

ಈ ನಡಿಗೆಗೆ ಗುರುಗಳು ಊರಲ್ಲೇ ಇದ್ದಾರೆ. ಕುರಿಗಾರ, ಹರಿಗೋಲಿನ ಮೀನುಗಾರ, ಗುಡ್ಡದ ಗಿಡಮೂಲಿಕೆ ಬಲ್ಲ ಅಜ್ಜಿ ಇವರನ್ನು ಸನ್ಮಾನದ ಶಾಲು ಹೊದಿಸಿ ಕಳಿಸುವುದಲ್ಲ, ಗೌರವಧನ ಕೊಟ್ಟು ಪಾಠ ಹೇಳಿಸಬೇಕು. ಹಗ್ಗ ಕಟ್ಟುವ, ಬಂಡೆ ಏರುವ, ಪ್ರಥಮ ಚಿಕಿತ್ಸೆ ಮಾಡುವ ಶಾಸ್ತ್ರೀಯ ತರಬೇತಿಗೆ ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬಾದಾಮಿ, ರಾಮನಗರಗಳ ಬಂಡೆಗಳು ಆರೋಹಿಗಳಿಗೆ ಪರಿಚಿತವಾಗಿರುವಂತೆ ಸಗರನಾಡಿನ ಬಂಡೆಗಳೂ ಆಗಬಾರದೇಕೆ? ಆದರೆ ಅಲ್ಲಿ ಮೊದಲು ಹಗ್ಗ ಹಿಡಿಯುವವರು ಸ್ಥಳೀಯ ಹುಡುಗ ಹುಡುಗಿಯರಾಗಿರಬೇಕು. ಹುಡುಗಿಯರು ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಟ್ಟಿಗೆಗೆ, ನೀರಿಗೆ, ಕಳೆ ಕೀಳಲು ಅವರನ್ನು ಬಯಲಿಗೆ ಕಳಿಸಲು ಹಿಂಜರಿಯದ ಸಮಾಜ, ಬೆಟ್ಟ ನೋಡಲು ಕಳಿಸುವಾಗ ಮಾತ್ರ ನೂರು ಪ್ರಶ್ನೆ ಕೇಳುತ್ತದೆ.

ಕೆಲವು ಕಟ್ಟುಪಾಡುಗಳೂ ಬೇಕು. ಬಿಸಿಲೇರುವ ಮುನ್ನ ಇಳಿದು ಬರುವುದು, ಕುಡಿಯುವ ನೀರನ್ನು ಹೊತ್ತೊಯ್ಯುವುದು, ಗೊತ್ತಿಲ್ಲದ ಕಾಲುವೆ, ಕಲ್ಲುಹೊಂಡಗಳಿಗೆ ಇಳಿಯದಿರುವುದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏಕಾಏಕಿ ಏರುತ್ತದೆ ಎಂಬುದನ್ನು ಮರೆಯದಿರುವುದು. ಹಳೆಯ ಕಲ್ಲುಗಳನ್ನು ಕದಲಿಸದಿರುವುದು, ಅವುಗಳ ಮೇಲೆ ಹೆಸರು ಗೀಚದಿರುವುದು, ಕೈಗೊಡಲಿ ಸಿಕ್ಕಿತೆಂದು ಜೇಬಿಗೆ ಹಾಕದಿರುವುದು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶವೆಂದು 2010ರ ಕಾಯಿದೆ ತಿದ್ದುಪಡಿ ಹೇಳುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇದನ್ನು ದೊಡ್ಡಕ್ಷರದಲ್ಲಿ ಬರೆಸಿದರೆ ಖರ್ಚು ಹೆಚ್ಚಾಗದು. ನೆಲೆಯನ್ನು ನಡೆದು ನೋಡಿದ ಮಕ್ಕಳೇ ನಾಳೆ ಅದರ ಕಾವಲುಗಾರರೂ ಆಗುತ್ತಾರೆ. ಹೆಸರೇ ಗೊತ್ತಿಲ್ಲದ ಗುಡ್ಡ ಕಲ್ಲಿನ ಕ್ವಾರಿಯಾದಾಗ ಯಾರೂ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದಿಲ್ಲ.

ಮಲೆನಾಡಿನ ಓದುಗರಿಗೂ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಮಾತಿದೆ. ಕಾಡು ದಟ್ಟವಾಗಿದ್ದರಷ್ಟೇ ನಿಸರ್ಗ, ಶಿಖರ ಎತ್ತರವಾಗಿದ್ದರಷ್ಟೇ ಸಾಹಸ ಎಂಬ ಅಳತೆಗೋಲನ್ನು ಕೆಳಗಿಡುವ ಕಾಲ ಬಂದಿದೆ. ಕುಮಾರಪರ್ವತದ ದಾರಿಯ ಮೇಲೆ ಬೀಳುವ ಭಾರ ಇಳಿಯಬೇಕಾದರೆ ಪ್ರತಿ ಜಿಲ್ಲೆಯ ಜನರೂ ತಮ್ಮ ಮನೆಯ ಹಿಂದಿನ ಗುಡ್ಡವನ್ನು ಪ್ರೀತಿಸಲು ಕಲಿಯಬೇಕು. ಬರುವ ಚಳಿಗಾಲದಲ್ಲಿ ಮಲೆನಾಡಿನ ಒಂದು ಶಾಲೆ ಸಗರನಾಡಿನ ಒಂದು ಶಾಲೆಗೆ ಪತ್ರ ಬರೆಯಲಿ. ಇಲ್ಲಿಯ ಮಕ್ಕಳು ಅಲ್ಲಿಯ ಕುರಿಗಾರರೊಡನೆ ಒಂದು ದಿನ ನಡೆಯಲಿ, ಅಲ್ಲಿಯ ಮಕ್ಕಳು ಇಲ್ಲಿಯ ಹಳ್ಳದ ಜಾಡು ಹಿಡಿಯಲಿ. ಅದಕ್ಕೆ ಬೇಕಾದದ್ದು ಬಸ್ಸಿನ ಖರ್ಚು, ಬುತ್ತಿಯ ರೊಟ್ಟಿ ಮತ್ತು ಅನುಮತಿ ಕೊಡುವ ಮನಸ್ಸುಳ್ಳ ಒಬ್ಬ ಮುಖ್ಯೋಪಾಧ್ಯಾಯರು.