ಅವರ ಊಟದ ಹೊತ್ತಿಗೆ ನಮ್ಮ ಫೋನು

ಹೋಸ್ಟ್ ಫ್ಯಾಮಿಲಿ ಅಂದ್ರ ಪೇಯಿಂಗ್ ಗೆಸ್ಟ್ ಅಲ್ರಿ. ಇದನ್ನ ಮೊದಲ ಹೇಳಿಬಿಡತೇನಿ, ಯಾಕಂದ್ರ ನಮ್ಮ ಕಡೆ ಭಾಳ ಮಂದಿ ಹಂಗ ತಿಳಕೊಂಡಾರ. ರೋಟರಿಯವರ ಯೂತ್ ಎಕ್ಸ್‌ಚೇಂಜ್‌ನ್ಯಾಗ ಒಂದು ವರ್ಷಕ್ಕಂತ ಪರದೇಶಕ್ಕ ಹೋಗೂ ಹುಡುಗೂರು ಅಲ್ಲೆ ಒಬ್ಬರ ಮನ್ಯಾಗ ಇದ್ದು ಅಲ್ಲೀ ಸಾಲಿಗೆ ಹೋಗತಾರ. ಇಟಗೊಂಡವರು ಅದಕ್ಕ ರೊಕ್ಕಾ ತೊಗೊಳ್ಳೂದಿಲ್ಲ. ತಮ್ಮ ಮಕ್ಕಳ ಜೋಡಿ ಇನ್ನೊಂದು ಕೂಸು ಅಂತ ಒಂದು ತಾಟು ಹೆಚ್ಚಿಗೆ ಇಡತಾರ, ಅಷ್ಟ.

ನನ್ನ ತಂಗಿ ಮಗಳು, ಹದಿನೇಳರಾಕಿ, ಸೆಪ್ಟೆಂಬರ್‌ದಿಂದ ಇಟಲಿಯ ಮೊಡೆನಾದಾಗ ಅದಾಳ. ಮನ್ಯಾಗ ಗಂಡ-ಹೆಂಡತಿ, ಒಬ್ಬ ಮಗ, ಬಾಜೂ ಓಣ್ಯಾಗ ಅಜ್ಜಿ. ಹುಡುಗಿ ಆರಾಮ ಅದಾಳ. ಆರಾಮ ಇಲ್ಲದಾಕಿ ನಮ್ಮ ತಂಗಿ. ಕ್ರಿಸ್‌ಮಸ್ ರಜಾಕ್ಕ ವಾಪಸ್ ಕರಸತೇನಿ, ಮತ್ತ ಕಳಸೂದಿಲ್ಲ ಅಂತ ಕೂತಾಳ. ನಾ ಬ್ಯಾಡ ಅಂತೇನಿ. ನಮ್ಮಿಬ್ಬರ ವಾದ ಬೀಗರ ತನಕಾ ಹೋಗಿ ಮುಟ್ಟೇದ, ಅದಕ್ಕ ಇಲ್ಲೆ ಬರಿಯಾಕ ಏನೂ ಅಡ್ಡಿಯಿಲ್ಲ.

ಆಕಿದು ಮೊದಲನೇ ತಕರಾರು ನಾಷ್ಟಾದ್ದು. ಇಟಲಿ ಮಂದಿ ಮುಂಜಾನೆ ಬಿಸಿ ಹಾಲಿಗೆ ಚೂರು ಕಾಫಿ ಬೆರಸಿ, ಅದರಾಗ ಬಿಸ್ಕೀಟು ಅದ್ದಿ ತಿಂತಾರ. "ಬಿಸ್ಕೀಟು ತಿಂದು ಸಾಲಿಗೆ ಹೋಗತದ ಅಕ್ಕಾ, ನನ್ನ ಕೂಸು" ಅಂತ ಅಳತಾಳ. ನಮ್ಮ ಅಪ್ಪಾರು ಚಹಾದಾಗ ಟೋಸ್ಟ್ ಅದ್ದಿ ತಿಂದ ಜೀವನಾ ಪೂರ್ತಿ ಕಚೇರಿಗೆ ಹೋಗಿ ಬಂದ್ರು, ಆವಾಗ ಯಾರೂ ಅಳಲಿಲ್ಲ.

ಖರೇ ಅಡಚಣಿ ಇರೂದು ಮಧ್ಯಾಹ್ನದ ಊಟದಾಗ. ಅಲ್ಲೆ ಭಾಳಷ್ಟು ಹೈಸ್ಕೂಲು ಒಂದು ಗಂಟೆ ಸುಮಾರಿಗೆ ಬಿಡತಾವ, ಹುಡುಗೂರು ಮನಿಗೆ ಬಂದು ಉಣತಾರ. ಪಾಸ್ತಾ ಮೊದಲ ಮಾಡಿ ಮುಚ್ಚಿಡೂ ಅಡಗಿ ಅಲ್ಲ. ನೀರು ಕುದಸಿ ಇಟಗೊಂಡು, ಎಲ್ಲಾರೂ ಬಂದ್ರು ಅಂತ ಖಾತ್ರಿ ಆದ ಮ್ಯಾಲ ಹಾಕತಾರ. ಎಂಟು-ಹತ್ತು ಮಿನಿಟು. 'ಅಲ್ ದೆಂತೆ' ಅಂತಾರ, ಅಂದ್ರ ಹಲ್ಲಿಗೆ ಚೂರು ಗಟ್ಟಿ ಹತ್ತಬೇಕು. ನೀರು ಬಸದು, ಕಲಸಿ ಮೇಜಿಗೆ ತಂದ್ರು ಅಂದ್ರ ಉಣ್ಣಬೇಕು. ಸ್ವಲ್ಪ ತಡಾ ಆದ್ರ ಒಂದಕ್ಕೊಂದು ಅಂಟಿ ಮುದ್ದಿ ಆಗತದ. ಒಲಿ ಮುಂದ ಕೂತು ಬಿಸಿ ರೊಟ್ಟಿ ಬಡದು ಹಾಕೂ ಹೆಣಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕರದಾಗ ಬರಲಿಲ್ಲ ಅಂದ್ರ ನಮಗ ಎಷ್ಟು ಸಿಟ್ಟು ಬರತದ!

ಈಗ ಹೊತ್ತು ಲೆಕ್ಕಾ ಹಾಕ್ರಿ. ಅಕ್ಟೋಬರ್ ಕೊನೀ ಐತವಾರ ಅವರು ಗಡಿಯಾರ ಒಂದು ತಾಸು ಹಿಂದ ಮಾಡತಾರ, ಆಮ್ಯಾಲ ನಮಗೂ ಅವರಿಗೂ ನಾಕೂವರಿ ತಾಸು ಫರಕು. ಅಲ್ಲಿ ಒಂದೂವರಿ ಅಂದ್ರ ಇಲ್ಲೆ ಸಂಜಿ ಆರು. ನಮ್ಮ ತಂಗಿ ದೀಪಾ ಹಚ್ಚಿ, ಕೈ ಮುಗದು, ಸೋಫಾದ ಮ್ಯಾಲ ಕೂತು ವಿಡಿಯೋ ಕಾಲ್ ಹಚ್ಚೂ ಹೊತ್ತು. ದಿನಾ! ಹುಡುಗಿ ಫೋನು ತೊಗೊಂಡು ತನ್ನ ಖೋಲಿಗೆ ಹೋಗತಾಳ, ಉಳದವರು ಮೇಜಿನ ಮ್ಯಾಲ ಒಬ್ಬರ ಮಾರಿ ಒಬ್ಬರು ನೋಡಕೋತ ಉಣತಾರ. ಅವರ ರಾತ್ರಿ ಊಟ ಎಂಟಕ್ಕ, ಅಂದ್ರ ನಮ್ಮ ಹನ್ನೆರಡೂವರಿ. ಅದಕ್ಕೂ ಈಕಿ ಅಲಾರಾಂ ಇಟಗೊಂಡು ಎದ್ದು 'ಏನು ಉಂಡಿ' ಅಂತ ಕೇಳತಾಳ. ಉಣ್ಣಾಕ ಬಿಟ್ರ ಅಲ್ಲ ಹೇಳೂದು?

ಆ ಮನಿಯಾಕಿ ತಿಂಗಳಗಟ್ಟಲೆ ಸುಮ್ಮನ ತಾಟಿನ ಮ್ಯಾಲ ತಾಟು ಮುಚ್ಚಿ ಇಟ್ಟಾಳ. ಅಜ್ಜಿ ಮಾತ್ರ ಒಂದಿನಾ ಕೇಳೇಬಿಟ್ಟಳು: "ನಿಮ್ಮವ್ವಗ ನಮ್ಮ ಮ್ಯಾಲ ನಂಬಿಗಿ ಇಲ್ಲೇನು?" ಹುಡುಗಿ ಇದನ್ನ ಅವ್ವಗ ಹೇಳಿಲ್ಲ, ನನಗ ಹೇಳ್ಯಾಳ. ಅವ್ವ ಇದನ್ನ ಓದಿದ್ರ ಓದಲಿ.

ಇನ್ನ ಶಾಕಾಹಾರದ ಮಾತು. ಇದು ಸಣ್ಣದಲ್ಲ, ತಂಗಿ ಹೆದರಿಕಿ ಪೂರಾ ಖೊಟ್ಟಿ ಅಂತ ನಾ ಅನ್ನೂದಿಲ್ಲ. ಮೊಡೆನಾ ಅಂದ್ರ ಹಂದಿ ಮಾಂಸದ ಸೀಮಿ. ಹಬ್ಬಕ್ಕ ಮಾಡೂ ತೊರ್ತೆಲ್ಲೀನಿ ಒಳಗ ಮಾಂಸದ ಹೂರಣ, ಅದನ್ನ ಕುದಸೂದೂ ಮಾಂಸದ ಸಾರಿನ್ಯಾಗ. ನಮ್ಮ ಪೂರಿ ಹಂಗ ಕಾಣೂ ನ್ಯೋಕ್ಕೊ ಫ್ರಿತ್ತೊ ಹಳೇ ಪದ್ಧತಿಗೆ ಹಂದಿ ಕೊಬ್ಬಿನ್ಯಾಗ ಕರೀತಾರ. ಪಾರ್ಮಿಜಾನೊ ಚೀಜ್ ಮೊಡೆನಾ ಸುತ್ತಮುತ್ತನ ಮಾಡತಾರ, ಎಲ್ಲಾದರ ಮ್ಯಾಲೂ ಹೆರಕೋತಾರ. ಅದರ ಹಾಲು ಒಡಸಾಕ ಕರುವಿನ ಹೊಟ್ಟಿಯಿಂದ ತಗದ ರೆನೆಟ್ ಹಾಕೂದು. ಇದು ಇಲ್ಲೆ ಪಿಜ್ಜಾ ತಿನ್ನೂ ನಮ್ಮ ಮಡಿವಂತ ಮಂದಿಗೂ ಭಾಳ ಜನಕ್ಕ ಗೊತ್ತಿಲ್ಲ ಬಿಡ್ರಿ.

ಹುಡುಗಿ ಹೋದ ಮೊದಲನೇ ದಿನಾ ಫೋನಿನ್ಯಾಗ ಭಾಷಾಂತರ ಮಾಡಿಕೊಂಡು ಎಲ್ಲಾ ಹೇಳಿದ್ಲು. ಮಾಂಸಾ ಇಲ್ಲ, ಮೀನಾ ಇಲ್ಲ, ತತ್ತಿ ಹಾಕಿದ ಕೇಕ್ ನಡೀತದ. ಮನಿಯಾಕಿ "ಪ್ರೋಶುತ್ತೋನೂ ಇಲ್ಲಾ?" ಅಂತ ಒಂದ ಸಲಾ ಕೇಳಿದ್ಲಂತ, ಆಮ್ಯಾಲ ಸಾರಿಗೆ ಬ್ಯಾರೆ ಪಾತೇಲಿ ಇಟ್ಟಳು. ಕಡ್ಲಿ ಹಾಕಿದ ಪಾಸ್ತಾ, ಬೀನ್ಸ್ ಹಾಕಿದ್ದು, ಕಾಯಿಪಲ್ಲೆದ ಮಿನೆಸ್ತ್ರೋನೆ, ಗೊಂಜಾಳ ಹಿಟ್ಟಿನ ಪೊಲೆಂತಾ ಎಲ್ಲಾ ನಡದಾವ. ಪೊಲೆಂತಾ ಅಂದ್ರ ನಮ್ಮ ನುಚ್ಚಿನ ತಂಗೀನ. ಚೀಜಿನ ವಿಷಯ ಓದಿಕೊಂಡು ತಾನ ಅದನ್ನ ಬಿಟ್ಟಾಳ. ಯಾರೂ ಹೇಳಿರಲಿಲ್ಲ. ಇಷ್ಟು ತಿಳವಳಿಕಿ ಇರೂ ಹುಡುಗಿಗೆ 'ಇಂಡಕ್ಷನ್ ಒಲಿ ತೊಗೋ, ಖೋಲ್ಯಾಗ ಅನ್ನಾ-ಸಾರು ಮಾಡಕೋ' ಅಂತ ಇಲ್ಲಿಂದ ಹೇಳೂದು ಎಂಥಾ ಶಾಣ್ಯಾತನ? ಅಲ್ಲೀ ಮನಿಗಳಿಗೆ ಸಾಮಾನ್ಯ 3 ಕಿಲೋವ್ಯಾಟ್ ಕನೆಕ್ಷನ್. ವಾಷಿಂಗ್ ಮಷೀನು ತಿರಗೂ ಮುಂದ ಈಕಿ ಒಲಿ ಹಚ್ಚಿದ್ರ ಮೀಟರ್ ಬಿದ್ದು ಮನಿಗೆಲ್ಲಾ ಕತ್ತಲಿ. ಮತ್ತ ಒಬ್ಬಾಕೀನ ಖೋಲ್ಯಾಗ ಕೂತು ಉಣ್ಣೂದಾದ್ರ ಧಾರವಾಡದ ಹಾಸ್ಟೆಲ್ ಸಾಕಿತ್ತಲ್ಲ, ಅಷ್ಟು ದೂರ ಯಾಕ?

ಇಲ್ಲಿಂದ ಕಳಸಿದ ಶೇಂಗಾ ಹಿಂಡಿ ಆಕಿ ಪಾಸ್ತಾದ ಮ್ಯಾಲ ಉದರಸಿಕೊಂಡಾಗ ಅಜ್ಜಿ ನೋಡಿದ ನೋಟ, ಹೋಳಿಗಿ ಮ್ಯಾಲ ಚಹಾ ಸುರಿದವರನ್ನ ನಾವು ನೋಡಿದಂಗ ಇತ್ತಂತ. ಆದ್ರೂ ಮನಿ ಯಜಮಾನ ಬ್ರೆಡ್ಡಿಗೆ ಹಚಗೊಂಡು ಡಬ್ಬಿ ಅರ್ಧಾ ಖಾಲಿ ಮಾಡ್ಯಾನ.

ಹೆಣಮಕ್ಕಳ ಇನ್ನೊಂದು ಚಿಂತಿಗೂ ಉತ್ತರಾ ಹೇಳತೇನಿ: ನೀರಿಂದು. ಇಟಲ್ಯಾಗ ಮನಿಗೊಂದು ಬಿದೆ ಇರಲೇಬೇಕಂತ 1975ರಾಗ ನಿಯಮಾ ಮಾಡ್ಯಾರ, ತೊಳಕೊಳ್ಳಾಕ ಕಮೋಡಿನ ಬಾಜೂನ. ಹಸೀ ಕೂದಲಾ ಇಟಗೊಂಡು ಹೊರಗ ಹೊಂಟ್ರ ಆ ಅಜ್ಜಿ ಬೈತಾಳ, ಗಾಳಿ ಬಡೀತದ ಅಂತ. ಈ ಬೈಗಳಾ ನಮ್ಮ ಅಮ್ಮಂದೂ ಅದ.

ಒಂದು ಮಾತು ಸ್ಪಷ್ಟ ಇರಲಿ. ನಮ್ಮ ಕಡೆ ಗಂಡನ ಮನಿಗೆ ಕಳಸೂ ಮುಂದ ಹುಡುಗಿಗೆ 'ಹೊಂದಕೊಂಡು ಹೋಗು, ಫೋನು ಮಾಡಬ್ಯಾಡ' ಅಂತಾರಲ್ಲ, ಅದನ್ನ ನಾ ಹೇಳಾಕತ್ತಿಲ್ಲ. ಹೊಟ್ಟಿತುಂಬ ಹಾಕಲಿಲ್ಲ, ಯಾರರೆ ಕೆಟ್ಟ ನೋಟಾ ನೋಡಿದ್ರು, ಖೋಲಿಗೆ ಚಿಲಕಾ ಇಲ್ಲ ಅಂದ್ರ ನಡು ರಾತ್ರಿ ಆದ್ರೂ ಫೋನು ಮಾಡಬೇಕು, ಅಲ್ಲೀ ರೋಟರಿಯವರಿಗೂ ಹೇಳಬೇಕು. ಮನಿ ಬದಲಸತಾರ, ಹಂಗೂ ಈ ವರ್ಷದಾಗ ಒಂದಕ್ಕಿಂತ ಹೆಚ್ಚು ಮನ್ಯಾಗ ಇರಸೂದ ಅವರ ಪದ್ಧತಿ. ಅಂಥಾದ್ದೇನೂ ಇಲ್ಲದಾಗ, ಬರೇ ನಮಗ ಕರಳು ಚುರ್ ಅಂತದ ಅಂತ ಆಕಿ ವರ್ಷಾ ಕತ್ತರಸೂದು ನ್ಯಾಯ ಅಲ್ಲ. ಭಾಷಾ ಈಗ ಬರಾಕತ್ತೇದ. ಕ್ಲಾಸಿನ ಮುಂದ ನಿಂದ್ರಸಿ ಬಾಯಿಂದ ಪ್ರಶ್ನಿ ಕೇಳೂ ಪರೀಕ್ಷಾದಾಗ ಹೋದ ವಾರ ಹತ್ತಕ್ಕ ಆರು ಬಂದಾವ, ಆರಕ್ಕ ಪಾಸು. ಅದನ್ನ ಮೊದಲ ಆ ಮೇಜಿಗೆ ಹೇಳ್ಯಾಳ, ಆಮ್ಯಾಲ ನಮಗ. ತಂಗಿಗೆ ಚುಚ್ಚಿದ್ದು ಖರೇ ಅಂದ್ರ ಇದ ಇರಬೇಕು.

ಟಿಕೆಟ್ ಇನ್ನೂ ತಗಸಿಲ್ಲ. ನಮ್ಮ ರಾತ್ರಿ ಒಂಬತ್ತಕ್ಕ ಫೋನು ಮಾಡು, ಅಲ್ಲೆ ನಾಕೂವರಿ ಆಗಿರತದ, ಊಟದ ಗದ್ದಲಾ ಮುಗದಿರತದ, ವಾರಕ್ಕ ಎರಡು ಸಲಾ ಸಾಕು ಅಂತ ಹೇಳೇನಿ. ಒಂಬತ್ತಕ್ಕ ಆಗೂದಿಲ್ಲ ಅಂದ್ಲು. ಆಕಿ ಧಾರಾವಾಹಿ ಅದ ಅಂತ.